ಓದುಗರ ಪ್ರಶ್ನೆ: ಮ್ಯಾಲಿಂದ ಬೀಳೋ ನ್ಯೂಟ್ರಾನ್ ಎಣಿಸೋದು ಹ್ಯಾಂಗ್ರಿ?

ಹೋದ ಸಂಚಿಕೆದಾಗ ಕಾಸ್ಮಿಕ್ ಕಿರಣದ ಬಗ್ಗೆ ಬರಿತಾ ಬರಿತಾ "ನಮ್ಮ ತಲಿ ಮ್ಯಾಲ ದಿನಾ ನ್ಯೂಟ್ರಾನ್ ಬೀಳ್ಲಾಕತ್ತಾವ" ಅಂತ ಒಂದು ಸಾಲು ಹಾಕಿದ್ದೆ. ಅಷ್ಟಕ್ಕೇ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಸೇರಿ ರಾಶಿ ಬಿದ್ದದ. ಎಲ್ಲಾ ಹಾಕ್ಲಾಕ ಜಾಗಾ ಇಲ್ಲ, ಒಂದೇ ಥರಾ ಕೇಳಿದವರ ಪೈಕಿ ಒಬ್ಬರದು ತಗೊಂಡೀನಿ, ಉಳಿದವರು ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ: ಸರ, 2025ರ ಜನವರಿದಾಗ ನಮ್ಮ ತಾಲೂಕಿನ ಜಲಸಂಗಿದಾಗ ಹೈದರಾಬಾದಿನಿಂದ ಬಿಟ್ಟಿದ್ದ ದೊಡ್ಡ ಬಲೂನ್ ಬಂದು ಬಿದ್ದಿತ್ತಲ್ರಿ, ಅವತ್ತಿನಿಂದ ನಮ್ಮ ಅಂಗಡಿ ಕಟ್ಟಿ ಮ್ಯಾಲ ಇದೇ ಚರ್ಚೆ. ಅಷ್ಟು ಮ್ಯಾಲ ಹೋಗಿ ಅಳಿಯೋದು ಏನದ? ಈ ನ್ಯೂಟ್ರಾನ್ ಆಕಾಶದಿಂದಾನೇ ಬರ್ತಾವಂದ್ರ ಖರೇ ಏನು?
— ಕಿರಾಣಿ ವ್ಯಾಪಾರಿ, ಹುಮನಾಬಾದ

ಉತ್ತರ: ಅರ್ಧ ಖರೇ ಅದ ಸಾಹುಕಾರ್ರ. ನ್ಯೂಟ್ರಾನ್ ದೂರದ ಆಕಾಶದಿಂದ ಹಂಗೇ ಇಳಿದು ಬರಂಗಿಲ್ಲ, ಯಾಕಂದ್ರ ಅದು ಪರಮಾಣುವಿನ ಬೀಜದಿಂದ ಹೊರಗ ಬಂದು ಒಂಟಿಯಾಯ್ತು ಅಂದ್ರ ಸರಾಸರಿ ಹದಿನೈದು ನಿಮಿಷದೊಳಗ ಒಡೆದು ಹೋಗ್ತದ, ನಕ್ಷತ್ರದಿಂದ ಇಲ್ಲಿ ತನಕ ಬರೋದು ಎಲ್ಲಿ ಬಂತು. ಅಲ್ಲಿಂದ ಬರೋವು ಹೆಚ್ಚಾಗಿ ಪ್ರೋಟಾನ್, ನೂರಕ್ಕ ತೊಂಬತ್ತರಷ್ಟು ಅವೇ, ಒಂಬತ್ತರಷ್ಟು ಹೀಲಿಯಂ ಬೀಜ, ಉಳಿದದ್ದು ಚಿಲ್ಲರೆ. ಇವು ಭಯಂಕರ ವೇಗದಾಗ ಬಂದು ನಮ್ಮ ಗಾಳಿಯೊಳಗಿನ ನೈಟ್ರೋಜನ್, ಆಕ್ಸಿಜನ್ ಬೀಜಕ್ಕ ಹೊಡಿತಾವ, ಆ ಬೀಜ ಚೂರಾಗಿ ಅದರಾಗಿಂದ ನ್ಯೂಟ್ರಾನ್ ಸಿಡಿತಾವ, ಅವು ಮತ್ತೊಂದಕ್ಕ ಹೊಡಿತಾವ, ಹಿಂಗೇ ಕೆಳಗಿನ ತನಕ ಸರಣಿ ನಡೀತದ. ಅಂದ್ರ ನಮ್ಮ ನ್ಯೂಟ್ರಾನ್ ಎಲ್ಲಾ ಲೋಕಲ್ ಮಾಲೇ, ಆರ್ಡರ್ ಮಾತ್ರ ಹೊರಗಿಂದು.

ಮ್ಯಾಲ ಹೋಗೋದು ಯಾಕಂದ್ರ, ಈ ವಿಷಯ ಗೊತ್ತಾಗಿದ್ದೇ ಬಲೂನಿನಿಂದ. 1912ರ ಆಗಸ್ಟ್‌ದಾಗ ಆಸ್ಟ್ರಿಯಾದ ವಿಕ್ಟರ್ ಹೆಸ್ ತಾನೇ ಬಲೂನಿನ ಬುಟ್ಟಿದಾಗ ಕೂತು 5 ಸಾವಿರ ಮೀಟರಿಗಿಂತ ಮ್ಯಾಲ ಹೋದ, ನೆಲದಿಂದ ದೂರ ಹೋದಂಗ ವಿಕಿರಣ ಕಡಿಮಿ ಆಗಬೇಕಿತ್ತು, ಅದು ಜಾಸ್ತಿ ಆಯ್ತು. 1936ರಾಗ ಅದಕ್ಕೇ ನೊಬೆಲ್ ಬಂತು. ನಮ್ಮ ರಾಜ್ಯಕ್ಕೂ ಈ ಕಥಿದಾಗ ಪಾಲದ, ಅಮೆರಿಕಾದ ರಾಬರ್ಟ್ ಮಿಲಿಕನ್ ಬೆಂಗಳೂರಿಗೆ ಬಂದು ಬಲೂನ್ ಹಾರಿಸಿದ್ರು, ಆಗ ವಿಜ್ಞಾನಿ ಹೋಮಿ ಭಾಭಾ ಅಲ್ಲೇ ಟಾಟಾ ಇನ್‌ಸ್ಟಿಟ್ಯೂಟಿನಾಗ (ಭಾರತೀಯ ವಿಜ್ಞಾನ ಸಂಸ್ಥೆ) ಇದ್ರು. ಈಗ ಹೈದರಾಬಾದಿನಾಗ ಟಿಐಎಫ್ಆರ್ (ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಅವರ ಬಲೂನ್ ಕೇಂದ್ರ ಅದ, ಅವರ ಬಲೂನ್ 30-40 ಕಿಲೋಮೀಟರ್ ಮ್ಯಾಲ ಹೋಗ್ತಾವ, ಗಾಳಿ ಪಡುವಣಕ್ಕ ಹೊಡೆದ್ರ ಇಳಿಯೋದು ನಮ್ಮ ಹೊಲದಾಗೇ. ಹಂಗ ಮ್ಯಾಲ ಹೋದಂಗೆಲ್ಲಾ ಬರೇ ಜಾಸ್ತಿನೇ ಆಗ್ತಾ ಹೋಗ್ತದ ಅಂತನೂ ತಿಳಿಬ್ಯಾಡ್ರಿ. ಸುಮಾರು 15ರಿಂದ 20 ಕಿಲೋಮೀಟರ್ ಎತ್ತರದಾಗ ಅತೀ ಜಾಸ್ತಿ, ಅದರ ಮ್ಯಾಲ ಹೊಡಿಲಾಕ ಗಾಳಿನೇ ಸಾಲಂಗಿಲ್ಲ, ಅದಕ್ಕ ಮತ್ತ ಇಳಿತದ. ಇನ್ನೊಮ್ಮೆ ಬಲೂನ್ ಬಿದ್ರ ಪೆಟ್ಟಿಗಿ ಬಿಚ್ಚಬ್ಯಾಡ್ರಿ, ಪೊಲೀಸರಿಗೆ ಫೋನ್ ಹಚ್ರಿ.

ಪ್ರಶ್ನೆ: ನಮ್ಮ ಲ್ಯಾಬಿನಾಗ ಗೈಗರ್ ಕೌಂಟರ್ ಅದ, ಏನೂ ಸೋರ್ಸ್ ಇಡದಿದ್ರೂ ಟಿಕ್ ಟಿಕ್ ಅಂತದ. ಅದರಾಗ ಕಾಸ್ಮಿಕ್ ನ್ಯೂಟ್ರಾನ್ ಎಷ್ಟು ಅಂತ ಬ್ಯಾರೆ ಮಾಡಿ ಪ್ರಾಜೆಕ್ಟ್ ಮಾಡಬಹುದಾ ಸರ? ಗೈಡ್ ಹೂಂ ಅಂದಾರ.
— ಬಿಎಸ್ಸಿ ಕೊನೆ ವರ್ಷ, ಕಲಬುರಗಿ

ಉತ್ತರ: ಗೈಡ್ ಅವಸರದಾಗ ಹೂಂ ಅಂದಿರಬೇಕು. ಆಗಂಗಿಲ್ಲ ತಮ್ಮಾ. ಆ ಟಿಕ್ ಟಿಕ್ ಎಲ್ಲಾ ಗೋಡಿ, ನೆಲದಾಗಿನ ಗಾಮಾ ಮತ್ತ ಮ್ಯಾಲಿಂದ ಬರೋ ಮ್ಯೂಆನ್, ಎಲೆಕ್ಟ್ರಾನಿನಂಥದೇ ಆದ್ರ ಭಾರದ ಕಣ. ನ್ಯೂಟ್ರಾನಿಗೆ ಚಾರ್ಜ್ ಇಲ್ಲ, ಅದು ಗೈಗರ್ ಟ್ಯೂಬಿನೊಳಗಿನ ಗ್ಯಾಸಿನಾಗ ಹಾದು ಹೋದ್ರೂ ಒಂದು ಎಲೆಕ್ಟ್ರಾನ್ ಸುದ್ದಾ ಅಲುಗಾಡ್ಸಂಗಿಲ್ಲ. ಅದನ್ನ ಹಿಡಿಬೇಕಂದ್ರ ಯಾವುದಾದ್ರೂ ಬೀಜದ ಬಾಯಿಗೆ ಹಾಕಬೇಕು, ಬೀಜ ಒಡೆದು ಚಾರ್ಜ್ ಇರೋ ಚೂರು ಹೊರಗ ಬರಬೇಕು, ಆ ಚೂರನ್ನ ನಾವು ಎಣಿಸಬೇಕು. ನ್ಯೂಟ್ರಾನ್ ಎಣಿಸ್ತೀವಿ ಅಂತ ಹೇಳೋದಷ್ಟೇ, ಎಣಿಸೋದು ಬ್ಯಾರೇದನ್ನ.

ಅದಕ್ಕ ಎಲ್ಲಾರಿಗೂ ಬೇಕಾದ ಗ್ಯಾಸ್ ಹೀಲಿಯಂ-3. ನಿಧಾನ ನ್ಯೂಟ್ರಾನ್ ಅದಕ್ಕ ಸಿಕ್ಕಿತಂದ್ರ ಬಿಡಂಗಿಲ್ಲ, ಅದರ ಹಿಡಿಯೋ ಅಳತಿ 5330 ಬಾರ್ನ್ (ನ್ಯೂಟ್ರಾನಿಗೆ ಬೀಜ ಎಷ್ಟು ದೊಡ್ಡ ಗುರಿ ಅನ್ನೋ ಲೆಕ್ಕ), ಬೀಜ ಒಡೆದು ಒಂದು ಪ್ರೋಟಾನ್ ಒಂದು ಟ್ರೈಟಾನ್ (ಟ್ರಿಟಿಯಂ ಅನ್ನೋ ಭಾರದ ಹೈಡ್ರೋಜನ್ನಿನ ಬೀಜ) ಆಗಿ 764 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಹಂಚ್ಕೊಂಡು ಎದುರು ಬದುರು ಓಡ್ತಾವ. ಇನ್ನೊಂದು ಬೋರಾನ್ ಟ್ರೈಫ್ಲೋರೈಡ್ ಗ್ಯಾಸ್, ಅದರಾಗಿನ ಬೋರಾನ್-10ಕ್ಕ 3840 ಬಾರ್ನ್, ಆದ್ರ ಅದು ವಿಷದ ಗ್ಯಾಸ್, ಟ್ಯೂಬ್ ಸೋರಿದ್ರ ಫಜೀತಿ. ಹೀಲಿಯಂ-3 ನೆಲದಾಗ ಅಗೆದ್ರ ಸಿಗೋ ಮಾಲಲ್ಲ, ಟ್ರಿಟಿಯಂ ಕೊಳೆತು ಆಗೋದು, ಅಮೆರಿಕಾದವರು 2001ರ ನಂತರ ಬಂದರು, ಗಡಿಯಲ್ಲೆಲ್ಲಾ ನ್ಯೂಟ್ರಾನ್ ಹಿಡಿಯೋ ಗೇಟ್ ನಿಲ್ಲಿಸಿ ದಾಸ್ತಾನೆಲ್ಲಾ ಖಾಲಿ ಮಾಡಿಬಿಟ್ರು, ಈಗ ಅದರ ರೇಟ್ ಕೇಳಬ್ಯಾಡ.

ಈಗ ಎರಡನೇ ತೊಡಕು. ಬೀಜ ಹಿಡಿಯೋದು ನಿಧಾನ ನ್ಯೂಟ್ರಾನನ್ನ ಮಾತ್ರ, ಸೆಕೆಂಡಿಗೆ 2200 ಮೀಟರ್ ಓಡೋ ಥರ್ಮಲ್ ನ್ಯೂಟ್ರಾನ್ ಅಂತಾರ ನೋಡು ಅದು. ಆಕಾಶದ್ದು ಹಂಗಿಲ್ಲ, ಅದರಾಗ ಥರ್ಮಲ್‌ನಿಂದ ಹಿಡಿದು ನೂರು ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟಿಗೆ ಒಂದು ಎಂಇವಿ) ದಾಟಿದವು ತನಕ ಎಲ್ಲಾ ಕಲಸಿ ಇರ್ತಾವ. ಅದಕ್ಕ ಟ್ಯೂಬಿಗೆ ಸುತ್ತ ಪಾಲಿಥೀನ್ ಹೊದಿಸ್ತಾರ. ಹುಡುಗರು ಗೋಟಿ ಆಡುವಾಗ ನೋಡಿಲ್ಲೇನು, ಗೋಟಿ ಹೋಗಿ ಅಷ್ಟೇ ದೊಡ್ಡ ಗೋಟಿಗೆ ಹೊಡೆದ್ರ ತಾನು ನಿಂತುಬಿಡ್ತದ, ಒಳ್ಳಕಲ್ಲಿಗೆ ಹೊಡೆದ್ರ ಬಂದ ವೇಗದಾಗೇ ಹಿಂದಕ ಸಿಡಿತದ. ಹೈಡ್ರೋಜನ್ ಬೀಜ ನ್ಯೂಟ್ರಾನಿನಷ್ಟೇ ತೂಕ, ಒಂದೊಂದು ಹೊಡೆತಕ್ಕ ಸರಾಸರಿ ಅರ್ಧ ಶಕ್ತಿ ಹೋಗ್ತದ, 2 ಎಂಇವಿ ನ್ಯೂಟ್ರಾನ್ ಹದಿನೆಂಟು ಹೊಡೆತದಾಗ ತಣ್ಣಗಾಗ್ತದ, ಅದೇ ಕಾರ್ಬನ್‌ಗೆ ನೂರಕ್ಕಿಂತ ಜಾಸ್ತಿ ಬೇಕು. ಪಾಲಿಥೀನಿನ ದಪ್ಪ ಬದಲಿಸಿದ್ರ ಯಾವ ಶಕ್ತಿಯವು ಜಾಸ್ತಿ ಸಿಗ್ತಾವ ಅನ್ನೋದು ಬದಲಾಗ್ತದ. ಸಣ್ಣದರಿಂದ ದೊಡ್ಡದರ ತನಕ ಪಾಲಿಥೀನ್ ಗೋಳ ಸಾಲಿಗಿಟ್ಟು ಒಂದೊಂದರಾಗ ಡಿಟೆಕ್ಟರ್ ಕೂಡ್ರಿಸಿ ಅಳಿತಾರ, ಬಾನರ್ ಗೋಳ ಅಂತ ಹೆಸರು, 1960ರಿಂದ ನಡೆದು ಬಂದ ಪದ್ಧತಿ. ಬರೀ ಥರ್ಮಲ್ ಎಷ್ಟು ಅಂತ ಬೇಕಂದ್ರ ಇನ್ನೂ ಸರಳ ಅದ, ಒಮ್ಮೆ ಬರಿ ಟ್ಯೂಬಿನಿಂದ ಅಳಿ, ಒಮ್ಮೆ ಒಂದು ಮಿಲಿಮೀಟರ್ ಕ್ಯಾಡ್ಮಿಯಂ ತಗಡು ಸುತ್ತಿ ಅಳಿ, ಕ್ಯಾಡ್ಮಿಯಂ ಅರ್ಧ ಎಲೆಕ್ಟ್ರಾನ್‌ವೋಲ್ಟಿನ ಕೆಳಗಿನವನ್ನೆಲ್ಲಾ ನುಂಗ್ತದ, ಎರಡರ ವ್ಯತ್ಯಾಸನೇ ಥರ್ಮಲ್. ತಗಡು ಬರಿಗೈಲೆ ಕತ್ತರಿಸಬ್ಯಾಡ, ಅದರ ಧೂಳು ವಿಷ.

ಎಲ್ಲಾ ಸಾಮಾನು ಸಿಕ್ತು ಅಂತ ಇಟ್ಕೋ. ಸ್ಕ್ರೀನಿನ ಮ್ಯಾಲ ಪಲ್ಸ್ ಎತ್ತರದ ಗ್ರಾಫ್ ನಿಧಾನಕ್ಕ ತುಂಬ್ತಾ ಬರ್ತದ. ಬಲಗಡೆ 764ರ ಹತ್ತಿರ ಒಂದು ಗುಡ್ಡ, ಅದರ ಎಡಕ್ಕ ಎರಡು ಮೆಟ್ಟಿಲು, ಒಂದು 573ಕ್ಕ ಒಂದು 191ಕ್ಕ. ಆ ಮೆಟ್ಟಿಲು ಯಾಕಂದ್ರ ಒಮ್ಮೊಮ್ಮೆ ಪ್ರೋಟಾನ್ ಇಲ್ಲಾ ಟ್ರೈಟಾನ್ ಟ್ಯೂಬಿನ ಗೋಡಿಗೆ ಬಡಿದು ಅದರ ಪಾಲಿನ ಶಕ್ತಿ ಗ್ಯಾಸಿನಾಗ ಬೀಳಂಗಿಲ್ಲ. ಎಡತುದಿಗೆ ಗಾಮಾದ್ದು, ಎಲೆಕ್ಟ್ರಾನಿಕ್ಸ್ ಗದ್ದಲದ್ದು ಚೂಪಾದ ಕಸ. ಥ್ರೆಶೋಲ್ಡ್, ಅಂದ್ರ ಇದರ ಮ್ಯಾಲಿನ ಪಲ್ಸ್ ಅಷ್ಟೇ ಎಣಿಸು ಅನ್ನೋ ಗೆರಿ, ಆ ಕಸಕ್ಕೂ 191ಕ್ಕೂ ನಡುವ ಇಡಬೇಕು. ಈ ಮೆಟ್ಟಿಲು ನಿನ್ನ ಗ್ರಾಫಿನಾಗ ಕಂಡಿಲ್ಲಂದ್ರ ನೀ ಎಣಿಸ್ಲಾಕತ್ತಿದ್ದು ನ್ಯೂಟ್ರಾನ್ ಅಂತ ನಾ ಅಂತೂ ಒಪ್ಪಂಗಿಲ್ಲ. ಮಳಿಗಾಲದಾಗ ಹೈವೋಲ್ಟೇಜ್ ಕನೆಕ್ಟರಿಗೆ ಥಂಡಿ ಹಿಡಿದು ಸುಳ್ಳು ಪಲ್ಸ್ ಬರ್ತಾವ, ಟ್ಯೂಬಿನ ಲೋಹದಾಗಿನ ಯುರೇನಿಯಂ ಚೂರು ಆಲ್ಫಾ ಬಿಡ್ತದ, ಬ್ಯಾಕ್‌ಗ್ರೌಂಡ್ (ಸೋರ್ಸ್ ಇಡದಿದ್ರೂ ಬರೋದು) ಅಂದ್ರ ಇಷ್ಟು ಸಣ್ಣ ಎಣಿಕಿ, ಅದರಾಗ ಇವೆಲ್ಲಾ ದೊಡ್ಡವೇ. ನ್ಯೂಯಾರ್ಕ್ ಸಮುದ್ರಮಟ್ಟದಾಗ ಎಲ್ಲಾ ಶಕ್ತಿ ಸೇರಿಸಿ ಒಂದು ಚದರ ಸೆಂಟಿಮೀಟರಿಗೆ ತಾಸಿಗೆ ಐವತ್ತರ ಆಸುಪಾಸು, ಅದರಾಗ 10 ಎಂಇವಿ ದಾಟಿದವು 13. ಚಿಪ್ ಮಾಡೋ ಕಂಪನಿಗಳು ಹಿಡಿಯೋ ಸ್ಟ್ಯಾಂಡರ್ಡ್ ಇದೇ, ಇವು ಮೆಮೊರಿದಾಗಿನ ಸೊನ್ನೆಯನ್ನ ಒಂದು ಮಾಡಿಬಿಡ್ತಾವ ಅಂತ ಅವರಿಗೆ ಚಿಂತಿ. ದಕ್ಷಿಣ ಭಾರತದಾಗ ಭೂಮಿಯ ಕಾಂತಕ್ಷೇತ್ರ ಭಾಳ ಗಟ್ಟಿ ತಡಿತದ, ಸುಮಾರು 17 ಜಿಗಾವೋಲ್ಟಿಗಿಂತ ಕಡಿಮಿ ಬಿಗುವಿನ (ಕಾಂತಕ್ಕ ಬಾಗದೇ ನುಗ್ಗೋ ತಾಕತ್ತು) ಪ್ರೋಟಾನ್ ನೇರಕ್ಕ ಒಳಗೇ ಬರಂಗಿಲ್ಲ, ಅದಕ್ಕ ಅದೇ ಎತ್ತರದಾಗ ಇಲ್ಲಿ ಸಿಗೋದು ಅಲ್ಲಿದ್ರ ಹತ್ತಿರ ಹತ್ತಿರ ಅರ್ಧ.

ಇನ್ನ ತಾಳ್ಮಿ. ಎಣಿಕಿದಾಗ ತಪ್ಪು ಅಂದ್ರ ಎಣಿಕಿಯ ವರ್ಗಮೂಲ, ಶೇ. 1ರ ಅಳತಿ ಬೇಕಂದ್ರ 10 ಸಾವಿರ ಕೌಂಟ್ ಬೇಕು, ನಿಮಿಷಕ್ಕ ಹತ್ತು ಬಂದ್ರ ಹದಿನಾರು ತಾಸಿನ ಮ್ಯಾಲ. ಅಷ್ಟೊತ್ತು ಟ್ಯೂಬಿನ ಹಂತ್ಯಾಕ ಕುರ್ಚಿ ಹಾಕ್ಕೊಂಡು ಕೂಡಬ್ಯಾಡ, ನಿನ್ನ ಮೈಯಾಗೂ ನೀರೇ ಜಾಸ್ತಿ, ನೀ ಕೂತ್ರೂ ಎದ್ರೂ ಎಣಿಕಿ ಹಂದಾಡ್ತದ. ಮತ್ತ ಡಿಪಾರ್ಟ್ಮೆಂಟಿನಾಗ ನ್ಯೂಟ್ರಾನ್ ಬಿಡೋ ಅಮೆರಿಸಿಯಂ-ಬೆರಿಲಿಯಂ ಸೋರ್ಸ್ ಎಲ್ಯಾರ ಕಪಾಟಿನಾಗ ಅದ ಏನು ಅಂತ ಮೊದಲು ಕೇಳು. ಅದು ಪಕ್ಕದ ಖೋಲಿದಾಗ ಇದ್ರೂ ನಿನ್ನ ಆಕಾಶ ಎಲ್ಲಾ ಅದೇ ಆಗಿಬಿಡ್ತದ. ಟ್ಯೂಬ್ ಸಿಗಂಗಿಲ್ಲಂದ್ರ ಸಿಆರ್-39 ಪ್ಲಾಸ್ಟಿಕ್ ಅಂತ ಬರ್ತದ, ಚಶ್ಮಾ ಲೆನ್ಸ್ ಮಾಡೋದು ಅದರಲೇ, ಅದರ ಮ್ಯಾಲ ಹೊಡೆದ ಗುರುತು ಬಿಸಿ ಕಾಸ್ಟಿಕ್ ಸೋಡಾದಾಗ ಅದ್ದಿದ ಮ್ಯಾಲ ಸೂಕ್ಷ್ಮದರ್ಶಕದಾಗ ಕಾಣ್ತಾವ, ಆದ್ರ ಬ್ಯಾಕ್‌ಗ್ರೌಂಡಿಗೆ ತಿಂಗಳುಗಟ್ಟಲೆ ಇಡಬೇಕು, ಪರೀಕ್ಷೆ ಅಷ್ಟೊತ್ತಿಗೆ ಮುಗಿದಿರ್ತದ. ಗೈಗರ್‌ಲೆ ಮ್ಯೂಆನ್ ಪ್ರಾಜೆಕ್ಟ್ ಮಾಡು, ಎರಡು ಕೌಂಟರ್ ಒಂದರ ಮ್ಯಾಲ ಒಂದಿಟ್ಟು ಒಟ್ಟಿಗೆ ಬಡಿದಿದ್ದಷ್ಟೇ ಎಣಿಸು, ಅದು ಛಲೋ ಆಗ್ತದ.

ಪ್ರಶ್ನೆ: ನಾನು ಎಕ್ಸ್‌ರೇ ಟೆಕ್ನಿಷಿಯನ್. ಸೀಸದ ಇಟ್ಟಿಗಿ ಸುತ್ತ ಇಟ್ರ ಈ ನ್ಯೂಟ್ರಾನ್ ನಿಲ್ತಾವಲ್ರಿ?
— ಸೇಡಂ

ಉತ್ತರ: ಜಾಸ್ತಿ ಆಗ್ತಾವ! ಎಕ್ಸ್‌ರೇಕ್ಕ ಸೀಸ ಸರಿ, ಇಲ್ಲಿ ಉಲ್ಟಾ. ಜೋರಾದ ನ್ಯೂಟ್ರಾನ್ ಸೀಸದಂಥ ಭಾರದ ಬೀಜಕ್ಕ ಹೊಡೆದ್ರ ಅದರಾಗಿಂದ ನಾಕಾರು ನ್ಯೂಟ್ರಾನ್ ಹೊರಗ ಬೀಳ್ತಾವ. ಹಡಗಿನ ಕಬ್ಬಿಣದ ಹಂತ್ಯಾಕ ಎಣಿಕಿ ಏರೋದೂ ಇದಕ್ಕೇ. ಜಾನ್ ಸಿಂಪ್ಸನ್ ಅನ್ನೋರು ಇದನ್ನೇ ಲಾಭ ಮಾಡ್ಕೊಂಡು 1948ರಾಗ ನ್ಯೂಟ್ರಾನ್ ಮಾನಿಟರ್ ಮಾಡಿದ್ರು, ಬೇಕಂತಲೇ ಟ್ಯೂಬಿನ ಸುತ್ತ ಸೀಸ ಇಟ್ಟು, ಒಂದು ಬಂದ್ರ ಹತ್ತಾರು ಆಗೋ ಹಂಗ ಮಾಡಿ, ಹೊರಗ ಪಾಲಿಥೀನ್ ಇಲ್ಲಾ ಪ್ಯಾರಾಫಿನ್ ಹಾಕಿ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಾಗ ಜಗತ್ತಿನ ತುಂಬ ಕೂಡ್ರಿಸಿದ್ರು, 1964ರ ಸುಧಾರಿಸಿದ ಮಾದರಿ ಇನ್ನೂ ನಡೀಲಾಕತ್ತದ. ನ್ಯೂಟ್ರಾನ್ ತಡಿಬೇಕಂದ್ರ ನೀರು, ಇಲ್ಲಾ ಬೋರಾನ್ ಬೆರೆಸಿದ ಪಾಲಿಥೀನ್.

ಪ್ರಶ್ನೆ: ನಂದು ತೊಗರಿ ಹೊಲ. ಆಕಾಶದ ಕಣ ಎಣಿಸಿ ಮಣ್ಣಿನ ಹಸಿ ಹೇಳೋ ಮಷಿನ್ ಅದ ಅಂತ ಕೃಷಿ ಮೇಳದಾಗ ಒಬ್ಬರು ಅಂದ್ರು. ನಂಬಬಹುದಾ? ನನ್ನಂಥವ ತರಬಹುದಾ?
— ರೈತ, ಚಿತ್ತಾಪುರ

ಉತ್ತರ: ನಂಬ್ರಿ. ತರಬ್ಯಾಡ್ರಿ. ಮ್ಯಾಲ ಹೇಳಿದಂಗ ನ್ಯೂಟ್ರಾನಿಗೆ ಹೈಡ್ರೋಜನ್ ಅಂದ್ರ ಬ್ರೇಕ್, ಹೊಲದಾಗ ಹೈಡ್ರೋಜನ್ ಅಂದ್ರ ಬಹುಪಾಲು ನೀರೇ. ಮಣ್ಣು ಹಸಿ ಇದ್ರ ಮಧ್ಯಮ ವೇಗದ ನ್ಯೂಟ್ರಾನ್ ಅಲ್ಲೇ ನಿಂತು ಹೋಗ್ತಾವ, ಒಣ ಇದ್ರ ಪುಟಿದು ಗಾಳಿಗೆ ಬರ್ತಾವ. ಕಂಬದ ಮ್ಯಾಲ ಪಾಲಿಥೀನ್ ಹೊದಿಸಿದ ಟ್ಯೂಬ್ ನಿಲ್ಲಿಸಿದ್ರ ಸಾಕು, ನೆಲಕ್ಕ ಒಂದು ಗುಂಡಿ ಸುದ್ದಾ ತೋಡೋದಿಲ್ಲ. ಹೆಚ್ಚುಕಡಿಮಿ ಸುತ್ತ 150-200 ಮೀಟರ್ ತನಕದ್ದು ಅದಕ್ಕ ಕಾಣ್ತದ, ಅಂದ್ರ ಹದಿನೈದರಿಂದ ಮೂವತ್ತು ಎಕರೆ. ಆಳ ಹಸಿ ಮಣ್ಣಿಗೆ 15 ಸೆಂಟಿಮೀಟರ್, ಒಣ ಮಣ್ಣಿಗೆ 70ರ ಮ್ಯಾಲ. ಮಣ್ಣಿನ ತೂಕದಾಗ ನೂರಕ್ಕ ಹತ್ತು ನೀರಿದ್ದಾಗ 1000 ಎಣಿಕಿ ಬಂತಂದ್ರ ನಲವತ್ತು ಆದಾಗ 700ರ ಆಸುಪಾಸು ಬರ್ತದ. ಈ ವಿಧಾನ ಹೊರಗ ತಂದವರು ಅಮೆರಿಕಾದ ಅರಿಜೋನಾ ವಿಶ್ವವಿದ್ಯಾಲಯದ ಮಾರೆಕ್ ಜ್ರೆಡಾ ಮತ್ತ ಸಂಗಡಿಗರು, 2008ರಾಗ. ನಮ್ಮ ರಾಜ್ಯದಾಗ ಗುಂಡ್ಲುಪೇಟೆ ಕಡೆ ಬೇರಂಬಾಡಿದಾಗೂ ಹಾಕ್ಯಾರ.

ಆದ್ರ ಮಷಿನ್ ತಾನಾಗೇ ಹೇಳಂಗಿಲ್ಲ, ಅದಕ್ಕ ಮೊದಲು ನಿಮ್ಮ ಮಣ್ಣು ಕಲಿಸಬೇಕು. ಹೊಲದಾಗ ಹತ್ತಾರು ಕಡೆ ಪೈಪ್ ಹೊಡೆದು ಬ್ಯಾರೆ ಬ್ಯಾರೆ ಆಳದ ಮಣ್ಣು ತೆಗೆದು, ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ತೂಗಿ, 105 ಡಿಗ್ರಿ ಒಲೆದಾಗ ಒಂದು ದಿನ ಇಟ್ಟು, ಮತ್ತ ತೂಗಿ, ಹೋದ ತೂಕನೇ ನೀರು ಅಂತ ಲೆಕ್ಕ ಹಿಡಿತಾರ. ನಮ್ಮ ಎರಿ ಮಣ್ಣಿನಾಗ ಇಲ್ಲೇ ಒಂದು ಗಂಟು ಅದ, ಜೇಡಿಯ ಹರಳಿನೊಳಗ ಕೂತ ನೀರು 105 ಡಿಗ್ರಿಗೆ ಹೋಗಂಗಿಲ್ಲ, ಅದರ ಹೈಡ್ರೋಜನ್ ಮಾತ್ರ ನ್ಯೂಟ್ರಾನಿಗೆ ಕಾಣ್ತದ, ಅದನ್ನ ಬ್ಯಾರೆ ಹಿಡಿದು ಲೆಕ್ಕಕ್ಕ ಸೇರಿಸದಿದ್ರ ಉತ್ತರ ಹಾಳು. ತೊಗರಿ ಎದಿ ಮಟ್ಟ ಬೆಳೆದ್ರ ಗಿಡದಾಗಿನ ನೀರೂ ಎಣಿಕಿಗೆ ಬರ್ತದ, ಬಾಜೂಕ ಕೃಷಿ ಹೊಂಡ ತುಂಬಿದ್ರ ಅದೂ. ಇಷ್ಟೆಲ್ಲಾ ಒಬ್ಬ ರೈತನ ಖರ್ಚಿನಾಗ ಆಗೋದಲ್ಲ, ಸಂಶೋಧನಾ ಕೇಂದ್ರದವರು ಒಂದು ಹಳ್ಳಿಗೆ ಒಂದು ಅಂತ ಹಾಕಬೇಕು, ಮಳಿ ಹಿಂದ ಮುಂದ ಆಗೋ ನಮ್ಮ ಕಡೆ ಇದು ಭಾಳ ಉಪಯೋಗ ಅಂತ ನನ್ನ ಅಭಿಪ್ರಾಯ. ನಿಮಗ ಸದ್ಯ ಕೈಮುಷ್ಟಿ ಹಿಡಿದು ನೋಡೋದೇ ಸಾಕು.

ಪ್ರಶ್ನೆ: ಮಗಳು ಬಸುರಿ, ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಾಗ ಹೋಗ್ತಾಳ. ನಿಮ್ಮ ಲೇಖನ ಓದಿ ಹೆದರಿಕಿ ಬಂದದ ಅಣ್ಣಾರ.
— ತಾಯಿ, ಆಳಂದ

ಉತ್ತರ: ಅಕ್ಕಾರ, ಹೆದರಬ್ಯಾಡ್ರಿ. ವಿಮಾನದ ಎತ್ತರದಾಗ ನ್ಯೂಟ್ರಾನ್ ನೆಲಕ್ಕಿಂತ ನೂರು ಪಟ್ಟಿಗಿಂತ ಜಾಸ್ತಿ ಇರ್ತಾವ, ಅದು ಖರೇ. ಆದ್ರ ತಾಸೊಂದರ ಹಾದಿಗೆ ಎಲ್ಲಾ ಸೇರಿ ಒಂದೆರಡು ಮೈಕ್ರೋಸೀವರ್ಟ್ (ಮೈಗೆ ಬೀಳೋ ವಿಕಿರಣದ ಅಳತಿ) ಆಗ್ತದ ಅಷ್ಟೇ, ನೆಲದ ಮ್ಯಾಲ ಮನಿಯಾಗ ಕೂತ್ರೂ ಕಲ್ಲು, ಮಣ್ಣು, ಗಾಳಿ, ಊಟ, ಆಕಾಶ ಎಲ್ಲಾದರಿಂದ ಸೇರಿ ಮನುಷ್ಯಾಗ ದಿನಕ್ಕ ಸರಾಸರಿ ಆರು ಚಿಲ್ಲರೆ ಬೀಳ್ತಾವ. ವಿಮಾನದಾಗೇ ವರ್ಷವಿಡೀ ದುಡಿಯೋರಿಗೆ ಮಾತ್ರ ಲೆಕ್ಕ ಇಡಬೇಕು. ಪ್ರಯಾಣ ಮಾಡಬಹುದಾ ಅನ್ನೋದು ತಿಂಗಳು ನೋಡಿ ಡಾಕ್ಟರ್ ಹೇಳ್ಬೇಕಾದದ್ದು, ಅದಕ್ಕೂ ನ್ಯೂಟ್ರಾನಿಗೂ ಸಂಬಂಧ ಇಲ್ಲ.

ಪ್ರಶ್ನೆ: ನೌಬಾದ ಕರೇಜ್ (ನೆಲದೊಳಗಿನ ಹಳೇ ನೀರಿನ ಸುರಂಗ) ಒಳಗ ಹೋದ್ರ ನ್ಯೂಟ್ರಾನ್ ಇರಂಗಿಲ್ಲೇನ್ರಿ?
— ಬೀದರ

ಉತ್ತರ: ಪೂರ್ತಿ ಇಲ್ಲ ಅಂತಲ್ಲ. ಐದು ಮೀಟರ್ ಕಲ್ಲು ತಲಿ ಮ್ಯಾಲ ಬಂದ್ರ ಗಾಳಿಯಾಗ ಹುಟ್ಟಿದವು ನೂರಾರು ಪಟ್ಟು ಕಡಿಮಿ ಆಗ್ತಾವ. ಆಮ್ಯಾಲ ಉಳಿಯೋದು ಎರಡು ಥರದವು, ಮ್ಯೂಆನ್ ಕಲ್ಲಿನೊಳಗ ಹೊಕ್ಕು ಎಬ್ಬಿಸೋವು, ಕಲ್ಲಿನಾಗಿನ ಯುರೇನಿಯಂ ಥೋರಿಯಂನ ಆಲ್ಫಾ ಹಗುರ ಬೀಜಕ್ಕ ಬಡಿದು ಬರೋವು. ಇನ್ನೂ ಆಳಕ್ಕ ಹೋದ್ರ ಕಲ್ಲಿಂದೇ ಪಾರುಪತ್ಯ. ಕೋಲಾರದ ಚಿನ್ನದ ಗಣಿಯಾಗ 2 ಕಿಲೋಮೀಟರಿಗಿಂತ ಕೆಳಗ ಕೂತು 1965ರಾಗ ಆಕಾಶದ ನ್ಯೂಟ್ರಿನೋ (ನ್ಯೂಟ್ರಾನ್ ಅಲ್ಲ, ಬ್ಯಾರೇನೇ ಕಣ) ಹಿಡಿದಿದ್ದು ಈ ಮ್ಯೂಆನ್ ಗದ್ದಲ ತಪ್ಪಿಸ್ಕೊಳ್ಳಾಕೇ.

ಪ್ರಶ್ನೆ: ಒಂದೇ ಮಷಿನ್ ಯಾದಗಿರಿದಾಗ ಇಟ್ರೂ ಬೀದರದಾಗ ಇಟ್ರೂ ಒಂದೇ ನಂಬರ್ ಬರ್ತದಾ? ನನ್ನ ಮಗ ಎಂಟನೇತ್ತ, ಅವಂದೂ ಒಂದು ಪ್ರಶ್ನೆ, ರಾತ್ರಿ ಸೂರ್ಯ ಇರಂಗಿಲ್ಲಲ್ಲ, ಆಗ ಕಡಿಮಿ ಬೀಳ್ತಾವಾ?
— ಶಿಕ್ಷಕಿ, ಶಹಾಪುರ

ಉತ್ತರ: ಟೀಚರ್ರ, ಒಂದೇ ಬರಂಗಿಲ್ಲ. ಯಾದಗಿರಿಗಿಂತ ಬೀದರ 250 ಮೀಟರಿಗಿಂತ ಎತ್ತರ ಅದ, ತಲಿ ಮ್ಯಾಲಿನ ಗಾಳಿಯ ಒತ್ತಡ ಮೂವತ್ತು ಮಿಲಿಬಾರ್ ಹತ್ತಿರ ಕಡಿಮಿ, ಒಂದು ಮಿಲಿಬಾರ್ ಕಡಿಮಿ ಆದ್ರ ಎಣಿಕಿ ಶೇ. 0.6-0.7 ಏರ್ತದ. ಲೆಕ್ಕ ಹಾಕ್ರಿ, ಬೀದರದಾಗ ಶೇ. 20ರ ಆಸುಪಾಸು ಜಾಸ್ತಿ. ಬೀದರದಾಗ ಏನೋ ಅದ ಅಂತ ಯಾರಾರ ಸುದ್ದಿ ಹಬ್ಬಿಸಿದ್ರ ಬರೀ ಎತ್ತರ ಅದ ಅಂತ ಹೇಳ್ರಿ.

ಮಗನ ಪ್ರಶ್ನೆ ನಿಮ್ಮದಕ್ಕಿಂತ ಜಾಣತನದ್ದು, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಾಸ್ಮಿಕ್ ಕಿರಣ ಬಹುತೇಕ ಸೂರ್ಯನ್ದಲ್ಲ, ದೂರದ್ದು, ಹಗಲು ರಾತ್ರಿ ವ್ಯತ್ಯಾಸ ಭಾಳ ಸಣ್ಣದು. ಸೂರ್ಯ ಮಾಡೋದು ತಡಿಯೋ ಕೆಲಸ, ಹನ್ನೊಂದು ವರ್ಷದ ಚಕ್ರದಾಗ ಅವ ಜೋರಿದ್ದಾಗ ಎಣಿಕಿ ಇಳಿತದ, ದೊಡ್ಡ ಸೌರ ಬಿರುಗಾಳಿ ಬಂದಾಗ ಒಮ್ಮೆಲೆ ಬೀಳ್ತದ, ಫೋರ್ಬುಶ್ ಇಳಿತ ಅಂತಾರ. 2024ರ ಮೇದಾಗ ಲಡಾಖಿನ ಆಕಾಶ ಕೆಂಪಾಗಿದ್ದು ಪೇಪರಿನಾಗ ನೋಡಿರಬೇಕು, ಆಗ ಜಗತ್ತಿನ ನ್ಯೂಟ್ರಾನ್ ಮಾನಿಟರಿನ ಎಣಿಕಿ ಎಲ್ಲಾ ಕುಸಿದಿತ್ತು. ಆದ್ರ ಅವ ನಿಜವಾಗ್ಲೂ ಮಷಿನ್ ಇಟ್ಟು ತಾಸು ತಾಸಿಗೆ ಬರ್ಕೊಂಡ್ರ ಹಗಲು ರಾತ್ರಿ ಏರಿಳಿತ ಕಂಡೇ ಕಾಣ್ತದ, ಸೂರ್ಯನಿಂದ ಅಂತ ಕುಣಿದಾಡ್ತಾನ. ನಮ್ಮ ಕಡೆ ಗಾಳಿಯ ಒತ್ತಡ ದಿನಕ್ಕ ಎರಡು ಸಲ ಏರಿ ಎರಡು ಸಲ ಇಳಿತದ, ಮುಂಜಾನಿ ಹತ್ತಕ್ಕ ಏರು, ಸಂಜಿ ನಾಕಕ್ಕ ಇಳಿವು, ಮೂರು ನಾಕು ಮಿಲಿಬಾರ್ ಫರಕ್, ಅಷ್ಟರಾಗೇ ಎಣಿಕಿ ಶೇ. 2ರ ಮ್ಯಾಲ ಹಂದಾಡ್ತದ. ಎಣಿಕಿ ಬರೆಯೋ ಪ್ರತಿ ಸಾಲಿನ ಬಾಜೂಕ ಒತ್ತಡ ಬರಿಲಾಕ ಹೇಳ್ರಿ, ಈಗ ಕೆಲವು ಮೊಬೈಲಿನಾಗೇ ಒತ್ತಡ ಅಳಿಯೋ ಸೆನ್ಸರ್ ಇರ್ತದ, ಬ್ಯಾರೆ ಖರ್ಚಿಲ್ಲ. ಮಷಿನ್ ಇಲ್ಲದಿದ್ರೂ ನಡಿತದ, ಕೆಲವು ಮಾನಿಟರಿನವರು ತಮ್ಮ ಎಣಿಕಿ ಇಂಟರ್ನೆಟ್ಟಿಗೆ ಬಿಟ್ಟಾರ, ಒತ್ತಡ ತಿದ್ದಿದ್ದು ತಿದ್ದದೇ ಇದ್ದದ್ದು ಎರಡೂ ಸಿಗ್ತಾವ, ಗ್ರಾಫ್ ಹಾಳಿ ಮ್ಯಾಲ ಎರಡನ್ನೂ ಹಾಕ್ಲಿ.